ರೋಡ್ಸ್ ದ್ವೀಪದಿಂದ ರಬಕವಿಗೆ

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಸಿಟ್ಟು ಬಂದಾಗಲೆಲ್ಲ ಒಂದು ಮಾತು ಹೇಳುತ್ತಿದ್ದಳು: "ನಾ ಸಾಂಗಲಿ ಸಂಸ್ಥಾನದಾಕಿ. ನನ್ನ ತಂದು ಈ ಜಮಖಂಡಿ ಸಂಸ್ಥಾನದಾಗ ಒಗದಾರ."

ಅವಳ ತವರು ರಬಕವಿ. ಕೊಟ್ಟ ಮನೆ ಬನಹಟ್ಟಿ. ಎರಡರ ನಡುವೆ ಒಂದು ಹರದಾರಿಯೂ ಇಲ್ಲ. ಈಗಂತೂ ಎರಡಕ್ಕೂ ಒಂದೇ ನಗರಸಭೆ, ಒಂದೇ ತಾಲೂಕು. ರಬಕವಿ ಎಲ್ಲಿ ಮುಗಿಯಿತು, ಬನಹಟ್ಟಿ ಎಲ್ಲಿ ಶುರುವಾಯಿತು ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ. ಹೀಗಿರುವಾಗ ಆಯಿ ಯಾವುದೋ ಪರದೇಶದಿಂದ ಬಂದವಳ ಹಾಗೆ ಮಾತಾಡಿದರೆ ನಾವು ಹುಡುಗರು ನಗದೆ ಏನು ಮಾಡಬೇಕು ಹೇಳಿ? ಆಕೆ 1998ರಲ್ಲಿ ತೀರಿಕೊಂಡಳು. ಅವಳ ಮಾತು ನನಗೆ ಅರ್ಥವಾದದ್ದು ಅದಾಗಿ ಹದಿನೈದು ವರ್ಷದ ಮೇಲೆ, ಅದೂ ಗ್ರೀಸ್ ದೇಶದ ಒಂದು ದ್ವೀಪದಲ್ಲಿ.

2013ರ ಮೇ ತಿಂಗಳಲ್ಲಿ ನಾನು ಮತ್ತು ನನ್ನ ಹೆಂಡತಿ ಬೆನ್ನಿಗೊಂದೊಂದು ಚೀಲ ಹಾಕಿಕೊಂಡು ಯುರೋಪಿಗೆ ಹೊರಟೆವು. ಟೂರ್ ಕಂಪನಿ ಇಲ್ಲ, ಗೈಡ್ ಇಲ್ಲ. ಮೂವತ್ತು ದಿನಕ್ಕೆ ಇಷ್ಟೇ ದುಡ್ಡು ಅಂತ ಮೊದಲೇ ಲೆಕ್ಕ ಹಾಕಿದ್ದೆವು. ನನ್ನ ಚೀಲದಲ್ಲಿ ಬಟ್ಟೆ, ಅವಳ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಚ್ಚಿದ ಅವಲಕ್ಕಿ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ರೋಡ್ಸ್ ದ್ವೀಪಕ್ಕೆ ಹೋಗುವ ದೊಡ್ಡ ಹಡಗಿಗೆ ಡೆಕ್ ಟಿಕೆಟ್ ತೆಗೆದುಕೊಂಡೆವು. ಡೆಕ್ ಟಿಕೆಟ್ ಅಂದರೆ ಮಲಗಲು ಹಾಸಿಗೆ ಇಲ್ಲ, ಎಲ್ಲಿ ಜಾಗ ಸಿಗುತ್ತದೋ ಅಲ್ಲಿ. ನಮ್ಮ ರಾತ್ರಿ ಬಸ್ಸಿನ ಹಿಂದಿನ ಸೀಟು ನೋಡಿದವರಿಗೆ ಇದೇನು ದೊಡ್ಡದಲ್ಲ ಬಿಡಿ. ಗಾಳಿ ಮಾತ್ರ ಭಯಂಕರ.

ಬೆಳಗಿನ ಜಾವ ಹಡಗು ಪಾಟ್ಮೋಸ್ ದಾಟಿ ಕೋಸ್ ಕಡೆ ಹೊರಟಾಗ ಎಡಕ್ಕೆ ಟರ್ಕಿಯ ಗುಡ್ಡಗಳು ಕಾಣುತ್ತವೆ. ಹಳೆಯ ಅಯೋನಿಯಾದ ಕರಾವಳಿ ಅದು. ಎಲ್ಲಕ್ಕೂ ನೀರೇ ಮೂಲ ಎಂದ ಥೇಲೀಸನ ಮಿಲೆಟಸ್, ಬೆಂಕಿಯೇ ಮೂಲ ಎಂದ ಹೆರಾಕ್ಲಿಟಸ್‌ನ ಎಫೆಸಸ್ ಎರಡೂ ಆ ಕಡೆಯವೇ. ನನಗೆ ತಕ್ಷಣ ನೆನಪಾದದ್ದು ನಮ್ಮ ಜಮಖಂಡಿಯ ರಾನಡೆಯವರು. ನಿಂಬಾಳದ ಗುರುದೇವ ರಾನಡೆ ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿ, ಅಲ್ಲಿಯ ಹೈಸ್ಕೂಲಿನಲ್ಲೇ ಓದಿ, ಪುಣೆಯಲ್ಲಿ ಅಧ್ಯಾಪಕರಾಗಿದ್ದವರು. ಅವರು 1916ರಲ್ಲಿ ಹೆರಾಕ್ಲಿಟಸ್ ಮೇಲೆ ಪ್ರಬಂಧ ಬರೆದಿದ್ದರು ಎಂಬುದು ಮಾತ್ರ ಎಷ್ಟು ಜನಕ್ಕೆ ಗೊತ್ತೋ! ಉಪನಿಷತ್ತುಗಳ ಮೇಲೆ ಅವರು ಬರೆದ, 1926ರಲ್ಲಿ ಅಚ್ಚಾದ ದೊಡ್ಡ ಗ್ರಂಥದಲ್ಲಿ ಈ ಅಯೋನಿಯಾದ ಜನರನ್ನೂ ನಮ್ಮ ಋಷಿಗಳನ್ನೂ ಎದುರುಬದುರು ಕೂರಿಸಿದ್ದಾರೆ. ಇದನ್ನೆಲ್ಲ ಹೆಂಡತಿಗೆ ಉತ್ಸಾಹದಿಂದ ಹೇಳಿದೆ. "ನಿದ್ದಿ ಮಾಡೂಣು, ಸುಮ್ನಿರ್ರಿ" ಅಂದಳು.

ರೋಡ್ಸ್‌ನ ಹಳೆಯ ಕೋಟೆಯೊಳಗೆ ಒಂದು ಮನೆಯ ಮಾಳಿಗೆ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮನೆಯೊಡತಿಗೆ ಎಪ್ಪತ್ತರ ಮೇಲಾಗಿತ್ತು. ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಮಾತಿಗೆ ಬರ ಇಲ್ಲ. ಎರಡನೇ ದಿನ ಸಂಜೆ ಅಂಗಳದಲ್ಲಿ ಕೂತು ನಮ್ಮ ಶೇಂಗಾ ಚಟ್ನಿಯನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತ ತಮ್ಮ ಕಥೆ ಹೇಳಿದರು. ತಾಯಿ ಶಾಲೆಯಲ್ಲಿ ಕಲಿತದ್ದು ಇಟಾಲಿಯನ್. ಈ ಮನೆಯ ಕಾಗದಪತ್ರ ಇಟಾಲಿಯನ್. ತಾನು ಹುಟ್ಟಿದಾಗ ದ್ವೀಪ ಇಟಲಿಯದು, ಆಮೇಲೆ ಜರ್ಮನರು, ಆಮೇಲೆ ಇಂಗ್ಲಿಷರು. "ನಾವು ಗ್ರೀಸ್ ಆದದ್ದು 7 ಮಾರ್ಚ್ 1948. ಪ್ರತಿ ವರ್ಷ ಆ ದಿನ ಇಲ್ಲಿ ಪೆರೇಡ್."

ನಾನು ತಿನ್ನುವುದನ್ನು ಬಿಟ್ಟು ಕೂತೆ. 7 ಮಾರ್ಚ್ 1948!

ಯಾಕೆಂದರೆ ಜಮಖಂಡಿ, ಮುಧೋಳ, ಸಾಂಗಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದು 8 ಮಾರ್ಚ್ 1948ರಂದು. ಬರೀ ಒಂದು ದಿನದ ಅಂತರ. ಎಲ್ಲಿಯ ರೋಡ್ಸ್, ಎಲ್ಲಿಯ ರಬಕವಿ!

ಅವರ ಇತಿಹಾಸ ಚುಟುಕಾಗಿ ಹೇಳಿಬಿಡುತ್ತೇನೆ. ರೋಡ್ಸ್, ಕೋಸ್, ಪಾಟ್ಮೋಸ್ ಮುಂತಾದ ದ್ವೀಪಗಳ ಗುಂಪಿಗೆ ದೊಡೆಕನೀಸ್ ಅಂತ ಹೆಸರು, ಅಂದರೆ ಹನ್ನೆರಡು ದ್ವೀಪಗಳು. 1912ರಲ್ಲಿ ಇಟಲಿ ಇವನ್ನು ತುರ್ಕರಿಂದ ಕಸಿದುಕೊಂಡಿತು. 1923ರ ಲೋಸಾನ್ ಒಪ್ಪಂದದಲ್ಲಿ ಅದು ಪಕ್ಕಾ ಆಯಿತು. 1930ರ ದಶಕದ ಕೊನೆಗೆ ಬಂದ ಫ್ಯಾಸಿಸ್ಟ್ ಗವರ್ನರ್ ಶಾಲೆಗಳಲ್ಲಿ ಇಟಾಲಿಯನ್ ಕಡ್ಡಾಯ ಮಾಡಿ ಗ್ರೀಕ್ ಭಾಷೆಯನ್ನು ಮೂಲೆಗೆ ತಳ್ಳಿದ. 1943ರಲ್ಲಿ ಜರ್ಮನರು ಬಂದರು. ಮರುವರ್ಷ ಜುಲೈನಲ್ಲಿ ಇಲ್ಲಿಯ ಯಹೂದಿಗಳನ್ನು ಹಡಗಿಗೆ ತುಂಬಿ ಆಶ್‌ವಿಟ್ಸ್‌ಗೆ ಕಳಿಸಿದರು. ಯುದ್ಧ ಮುಗಿದ ಮೇಲೆ ಇಂಗ್ಲಿಷರ ಆಡಳಿತ. 10 ಫೆಬ್ರವರಿ 1947ರ ಪ್ಯಾರಿಸ್ ಒಪ್ಪಂದದಂತೆ ದ್ವೀಪಗಳು ಗ್ರೀಸ್‌ಗೆ ಹೋದವು, ಮರುವರ್ಷ ಮಾರ್ಚ್ 7ಕ್ಕೆ ವಿಧಿವತ್ತಾಗಿ ಸೇರ್ಪಡೆಯಾಯಿತು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಗದಪತ್ರದ ವಿಷಯ. ಇಟಲಿಯವರು ರೋಡ್ಸ್ ಮತ್ತು ಕೋಸ್‌ನಲ್ಲಿ ಜಮೀನು ಅಳೆದು, ನಕ್ಷೆ ಬರೆದು, 1929ರಲ್ಲಿ ಒಂದು ಭೂದಾಖಲೆ ಪದ್ಧತಿ ತಂದಿದ್ದರು. ದ್ವೀಪ ಗ್ರೀಸ್‌ಗೆ ಸೇರಿದ ಮೇಲೂ ಗ್ರೀಕರು ಅದನ್ನು ತೆಗೆದುಹಾಕಲಿಲ್ಲ, ಕಾನೂನು ಮಾಡಿಯೇ ಉಳಿಸಿಕೊಂಡರು. ರಾಜ್ಯ ಹೋಯಿತು, ಧ್ವಜ ಹೋಯಿತು, ದಫ್ತರ ಉಳಿಯಿತು.

ಆಯಿಯ ಟ್ರಂಕಿನಲ್ಲೂ ಒಂದು ಕಾಗದ ಇತ್ತು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಆ ರಾತ್ರಿ ಮಾಳಿಗೆ ಮೇಲೆ ಕೂತು ನಾನು ಲೆಕ್ಕ ಹಾಕತೊಡಗಿದೆ. ರೋಡ್ಸ್ ದ್ವೀಪದ ವಿಸ್ತೀರ್ಣ ಸುಮಾರು 1,400 ಚದರ ಕಿಲೋಮೀಟರ್. ಜಮಖಂಡಿ ಸಂಸ್ಥಾನ 524 ಚದರ ಮೈಲು, ಅಂದರೆ ಸುಮಾರು 1,360 ಚದರ ಕಿಲೋಮೀಟರ್. ಹೆಚ್ಚುಕಡಿಮೆ ಒಂದೇ! ವ್ಯತ್ಯಾಸ ಏನೆಂದರೆ ರೋಡ್ಸ್ ಒಂದೇ ತುಂಡು. ನಮ್ಮ ಸಂಸ್ಥಾನಗಳು ಹರಿದ ಸೀರೆಯ ಹಾಗೆ. ಜಮಖಂಡಿಯ ರಾಜರಿಗೆ ಹುಬ್ಬಳ್ಳಿ ಹತ್ತಿರದ ಕುಂದಗೋಳವೂ ಸೇರಿತ್ತು. ಸವಾಯಿ ಗಂಧರ್ವರ ಕುಂದಗೋಳ, ಹೌದು, ಅದೇ. ಸಾಂಗಲಿಯದಂತೂ ಆರು ತುಂಡು: ಸಾಂಗಲಿಯ ಸುತ್ತಮುತ್ತ ಎರಡು, ಸೋಲಾಪುರದ ಕಡೆ ಮಂಗಳವೇಢೆ, ಬೆಳಗಾವಿಗೆ ಅಂಟಿಕೊಂಡ ಶಹಾಪುರ, ಈಗ ಗದಗ ಜಿಲ್ಲೆಯಲ್ಲಿರುವ ಶಿರಹಟ್ಟಿ, ಮತ್ತು ನಮ್ಮ ತೇರದಾಳ. ರಬಕವಿ ಈ ತೇರದಾಳ ಭಾಗದ್ದು. ನಡುನಡುವೆ ಬ್ರಿಟಿಷರ ಮುಲುಕು. ಸಮುದ್ರ ಒಂದಿಲ್ಲ ಅನ್ನುವುದು ಬಿಟ್ಟರೆ ಇವೂ ದ್ವೀಪಗಳೇ ಅಲ್ಲವೇ?

ಬನಹಟ್ಟಿ ಜಮಖಂಡಿಯದು. ರಬಕವಿ ಸಾಂಗಲಿಯದು. ಪಕ್ಕದ ಮಹಾಲಿಂಗಪುರ ಮುಧೋಳದ ಘೋರ್ಪಡೆಯವರದು. ಬೀಳಗಿ ನೇರ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದು. ಒಂದು ದಿನದ ಬಸ್ಸಿನ ದಾರಿಯಲ್ಲಿ ನಾಲ್ಕು ಸರ್ಕಾರ, ನಾಲ್ಕು ಕೋರ್ಟು, ನಾಲ್ಕು ಪೊಲೀಸು. ಅಂದಮೇಲೆ ಆಯಿ ಹೇಳಿದ್ದರಲ್ಲಿ ಸುಳ್ಳೇನಿತ್ತು?

ರೋಡ್ಸ್‌ನಿಂದ ಮರಳಿ ಅಥೆನ್ಸ್, ಅಲ್ಲಿಂದ ಪಾತ್ರಾಸ್ ಬಂದರು, ಮತ್ತೆ ಹಡಗು, ಇಟಲಿಯ ಅಂಕೋನಾ. ವೆನಿಸ್ ನೋಡಿದೆವು. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಅಲ್ಲಿಂದ ರೈಲಿನಲ್ಲಿ ಗೊರಿತ್ಸಿಯಾ ಎಂಬ ಊರಿಗೆ ಹೋದೆವು. ನೋಡಲು ಅಂಥ ದೊಡ್ಡದೇನಿಲ್ಲ. ಆದರೆ ರೋಡ್ಸ್ ಅಜ್ಜಿಯ ಮಾತು ಕೇಳಿದ ಮೇಲೆ ನನಗೆ ಗಡಿ ನೋಡುವ ಹುಚ್ಚು ಹಿಡಿದಿತ್ತು. ಅದೇ 1947ರ ಪ್ಯಾರಿಸ್ ಒಪ್ಪಂದ ಈ ಊರಿನ ಅಂಚಿನಲ್ಲಿ ಗೆರೆ ಎಳೆದಿತ್ತು. ಊರು ಇಟಲಿಗೆ, ರೈಲು ನಿಲ್ದಾಣ ಮತ್ತು ಹೊರಭಾಗ ಯುಗೊಸ್ಲಾವಿಯಾಕ್ಕೆ. ಊರು ಕಳೆದುಕೊಂಡವರು ಆಚೆ 1948ರಿಂದ ಹೊಸ ಊರನ್ನೇ ಕಟ್ಟಿಕೊಂಡರು, ನೋವಾ ಗೊರಿತ್ಸಾ. ಹತ್ತಿರದ ಮಿರೆನ್ ಎಂಬಲ್ಲಿ ಗಡಿ ಸ್ಮಶಾನದ ನಡುವೆಯೇ ಹಾದುಹೋಗಿತ್ತಂತೆ, 1975ರವರೆಗೂ. ಸತ್ತವರಿಗೂ ಎರಡು ದೇಶ! ನಿಲ್ದಾಣದ ಮುಂದಿನ ಚೌಕದಲ್ಲಿದ್ದ ಬೇಲಿಯನ್ನು 2004ರಲ್ಲಿ ಕಿತ್ತರು. ನಾವು ಹೋದಾಗ ನೆಲದ ಮೇಲೆ ಗುರುತು ಮಾತ್ರ ಇತ್ತು. ಒಂದು ಕಾಲು ಇಟಲಿಯಲ್ಲಿ, ಒಂದು ಕಾಲು ಸ್ಲೊವೇನಿಯಾದಲ್ಲಿ ಇಟ್ಟು ಎಲ್ಲರಂತೆ ಫೋಟೊ ತೆಗೆಸಿಕೊಂಡೆವು. ಪಾಸ್‌ಪೋರ್ಟ್ ಕೇಳುವವರಿರಲಿಲ್ಲ. (2023ರ ಅಕ್ಟೋಬರಿನಿಂದ ಇಟಲಿ ಆ ಗಡಿಯಲ್ಲಿ ಮತ್ತೆ ತಪಾಸಣೆ ಶುರುಮಾಡಿತು. ಎರಡು ಊರೂ ಕೂಡಿ 2025ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಆಗಿದ್ದವು. ಎರಡೂ ನಿಜ.)

ಚೌಕದಲ್ಲಿ ಕೂತಾಗ ಹೆಂಡತಿ ಅಂದಳು, "ಇಷ್ಟು ದೂರ ಬಂದು ಇವರ ಗಡಿ ನೋಡಾಕತ್ತೀವಿ. ನಮ್ಮೂರಾಗಿನ ಗಡಿ ಎಲ್ಲಿತ್ತು, ನಿಮಗ ಗೊತ್ತೈತೇನು?" ಗೊತ್ತಿರಲಿಲ್ಲ.

ಆ ವರ್ಷ ಡಿಸೆಂಬರಿನಲ್ಲಿ ರಜೆ ಹಾಕಿ ಅದೇ ಚೀಲ ಬೆನ್ನಿಗೇರಿಸಿ ನಮ್ಮ ಊರುಗಳನ್ನು ನೋಡಲು ಹೊರಟೆವು. ನೆಂಟರ ಮನೆಗೆ ಹೋಗಬಾರದು, ಲಾಡ್ಜಿನಲ್ಲೇ ಇರಬೇಕು ಅಂತ ಕರಾರು. ಬಸ್ ಕಂಡಕ್ಟರ್ ನಮ್ಮ ಚೀಲ ನೋಡಿ ಹಿಂದಿಯಲ್ಲಿ ಶುರುಮಾಡಿದ. "ನಾ ಇಲ್ಲೇ ಮುಧೋಳದಾಕಿರಿ" ಅಂದಾಗ ಬಸ್ಸಿನವರೆಲ್ಲ ತಿರುಗಿ ನೋಡಿದರು.

ಮೊದಲು ಜಮಖಂಡಿ. ಪೇಶ್ವೆಯರ ಸರದಾರ ಪರಶುರಾಮಭಾವು ಪಟವರ್ಧನರ ವಂಶದವರು 1811ರಲ್ಲಿ ಇಲ್ಲಿ ಪ್ರತ್ಯೇಕ ಸಂಸ್ಥಾನ ಕಟ್ಟಿದರು. ರಾಮತೀರ್ಥದ ಗುಡ್ಡದ ಮೇಲೆ ಅರಮನೆ, ಕೆಳಗೆ ಊರು. ಒಳ್ಳೆಯ ಹೈಸ್ಕೂಲು ಕಟ್ಟಿದರು, ಅಲ್ಲಗಳೆಯುವಂತಿಲ್ಲ. ರಾನಡೆಯವರು ಬಂದದ್ದು ಅಲ್ಲಿಂದಲೇ. ಆದರೆ ಕಾಲೇಜಿಗೆ ದೊಡ್ಡ ದೇಣಿಗೆ ಹೋದದ್ದು ಪುಣೆಗೆ. ಪುಣೆಯ ಎಸ್.ಪಿ. ಕಾಲೇಜಿನ ಹೆಸರಿನಲ್ಲಿರುವ ಸರ್ ಪರಶುರಾಮಭಾವು ನಮ್ಮ ಜಮಖಂಡಿ ಮನೆತನದವರೇ. ನಮ್ಮ ಎರೆ ಹೊಲದ ರೈತರ ಕಂದಾಯ ಅಲ್ಲಿ ಕಲ್ಲಿನ ಕಟ್ಟಡವಾಗಿ ನಿಂತಿದೆ ಅಂತ ಪುಣೆಗೆ ಹೋದಾಗಲೆಲ್ಲ ನನಗೆ ಅನ್ನಿಸುತ್ತದೆ. ಸ್ವಲ್ಪ ಹೊಟ್ಟೆಕಿಚ್ಚೂ ಇದ್ದೀತು.

ಕಚೇರಿ, ಕೋರ್ಟು, ದಫ್ತರ ಎಲ್ಲ ಮರಾಠಿ, ಅದೂ ಮೋಡಿ ಲಿಪಿ. ಜನ ಆಡುವುದು ಕನ್ನಡ. ಕನ್ನಡ ಶಾಲೆಗಳು ಇರಲೇ ಇಲ್ಲ ಅಂತಲ್ಲ. ಆದರೆ ಸರ್ಕಾರಿ ಕೆಲಸ ಬೇಕಾದವನು ಮರಾಠಿ ಕಲಿಯಬೇಕಿತ್ತು. ವಿಚಿತ್ರ ಏನೆಂದರೆ ಆಚೆ ಬ್ರಿಟಿಷರ ಕೈಯಲ್ಲಿದ್ದ ಬೀಳಗಿಯ ಕಡೆ, ಡೆಪ್ಯುಟಿ ಚನ್ನಬಸಪ್ಪನವರಂಥವರ ದುಡಿಮೆಯಿಂದ 19ನೇ ಶತಮಾನದಲ್ಲೇ ಕನ್ನಡ ಶಾಲೆಗಳು ಬೇರು ಬಿಟ್ಟಿದ್ದವು. ಪರದೇಶದವನ ರಾಜ್ಯದಲ್ಲಿ ಕನ್ನಡ, ನಮ್ಮವರ ರಾಜ್ಯದಲ್ಲಿ ಮರಾಠಿ! ಇದನ್ನು ರೋಡ್ಸ್‌ನ ಫ್ಯಾಸಿಸ್ಟರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬಾರದು. ಪಟವರ್ಧನರು ಯಾರ ಬಾಯಿಗೂ ಬೀಗ ಹಾಕಲಿಲ್ಲ. ಆದರೆ ಕಾಗದ ಓದಲು ಬಾರದವನ ಪಾಡು ಎರಡೂ ಕಡೆ ಒಂದೇ.

ಕೊನೆಯ ರಾಜ ಶಂಕರರಾವ್ ಪಟವರ್ಧನರು 19 ಫೆಬ್ರವರಿ 1948ರಂದು ವಿಲೀನಕ್ಕೆ ಸಹಿ ಹಾಕಿದರು. ಆಗ ಸಂಸ್ಥಾನದ ಮುಖ್ಯಮಂತ್ರಿ ಆಗಿದ್ದವರು ಸಾವಳಗಿಯ ಬಿ.ಡಿ. ಜತ್ತಿ. ಜಮಖಂಡಿಯಲ್ಲಿ ವಕೀಲಿಕೆ ಮಾಡುತ್ತಿದ್ದವರು. 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, 1974ರಲ್ಲಿ ಉಪರಾಷ್ಟ್ರಪತಿಯಾದರು, 1977ರಲ್ಲಿ ಕೆಲಕಾಲ ಹಂಗಾಮಿ ರಾಷ್ಟ್ರಪತಿಯೂ ಆದರು. 524 ಚದರ ಮೈಲಿನ ಒಂದು ರಾಜ್ಯವನ್ನು ಮುಚ್ಚಿದವರು ಮುಂದೆ ಇಡೀ ದೇಶದ ಕುರ್ಚಿಯಲ್ಲಿ ಕೂತರು.

ಮುಧೋಳದಲ್ಲಿ ಹೆಂಡತಿಯದೇ ದರ್ಬಾರು. ರನ್ನ ನಮ್ಮೂರಾಂವ, ನಾಯಿ ನಮ್ಮೂರದು ಅಂತ ಶುರು. ರನ್ನ ಹುಟ್ಟಿದ್ದು 949ರಲ್ಲಿ, ಬಳೆಗಾರರ ಮನೆಯಲ್ಲಿ. ಓದಬೇಕೆಂಬ ಹಂಬಲದಿಂದ ಆ ಕಾಲದಲ್ಲಿ ಮುಧೋಳದಿಂದ ಗಂಗರ ನಾಡಿನವರೆಗೆ ಹೋದ. ಅಲ್ಲಿ ಅಜಿತಸೇನಾಚಾರ್ಯರಲ್ಲಿ ಕಲಿತ, ಚಾವುಂಡರಾಯನ ಆಶ್ರಯ ಸಿಕ್ಕಿತು. ಬೆನ್ನಿಗೆ ಚೀಲ ಹಾಕಿ ಹೊರಟವರಲ್ಲಿ ನಮ್ಮ ಕಡೆಯ ಮೊದಲಿಗ ಅವನೇ ಇರಬೇಕು. ನಾನೂ ಬಿಡಲಿಲ್ಲ. ರನ್ನನೇ ತನ್ನ ಊರು ಮುದುವೊಳಲು ಜಂಬುಖಂಡಿ ಎಪ್ಪತ್ತರಲ್ಲಿ ಇದೆ ಅಂತ ಹೇಳಿಕೊಂಡಿದ್ದಾನೆ. ಅಂದರೆ ಸಾವಿರ ವರ್ಷದ ಹಿಂದೆ ನಿಮ್ಮ ಮುಧೋಳ ನಮ್ಮ ಜಮಖಂಡಿಯ ಕೆಳಗಿನ ಒಂದು ಹಳ್ಳಿ ಅಂದೆ. ಮಧ್ಯಾಹ್ನದವರೆಗೆ ಮಾತಾಡಲಿಲ್ಲ.

ಘೋರ್ಪಡೆ ರಾಜ ಮಾಲೋಜಿರಾವ್ ಐದನೆಯ ಜಾರ್ಜ್ ದೊರೆಗೆ ಬೇಟೆನಾಯಿಯ ಜೋಡಿ ಕೊಟ್ಟ ಮೇಲೆ ಆ ತಳಿಗೆ ಮುಧೋಳದ ಹೆಸರು ಅಂಟಿತು ಅನ್ನುತ್ತಾರೆ. ಊರವರು ಇನ್ನೂ ಕಾರವಾನಿ ನಾಯಿ ಅಂತಲೇ ಕರೆಯುವುದು. ಪಶ್ಚಿಮ ಏಷ್ಯಾದ ಕಡೆಯಿಂದ ಸಾರ್ಥವಾಹರ ಜೊತೆ ಬಂದ ತಳಿ, ಇಲ್ಲಿ ನೆಲೆಸಿ, ಇಲ್ಲಿಂದ ಲಂಡನ್ನಿಗೆ. 2005ರಲ್ಲಿ ಅದರ ಅಂಚೆಚೀಟಿಯೂ ಬಂತು.

ಆದರೆ ಮುಧೋಳ ಅಂದರೆ ನನಗೆ ಮೊದಲು ನೆನಪಾಗುವುದು ಹಲಗಲಿ. 1857ರಲ್ಲಿ ಇಂಗ್ಲಿಷರು ಆಯುಧ ಒಪ್ಪಿಸಬೇಕೆಂಬ ಕಾಯ್ದೆ ತಂದರು. ಹಲಗಲಿ ಮುಧೋಳ ಸಂಸ್ಥಾನದ ಹಳ್ಳಿ. ಕತ್ತಿ ಬಿಲ್ಲುಗಳನ್ನೇ ನಂಬಿ ಬದುಕಿದ ಬೇಡರು ಕೊಡುವುದಿಲ್ಲ ಅಂದರು. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ 19 ಜನರನ್ನು ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಿದರು. ತೆರಿಗೆ ವಸೂಲಿಗೆ ಸಂಸ್ಥಾನದ ಗಡಿ ಇತ್ತು, ಇಂಗ್ಲಿಷರ ದಂಡಿಗೆ ಇರಲಿಲ್ಲ. ಆ ಲಾವಣಿಯನ್ನು ಮುಂದೆ ಕಾಗದಕ್ಕಿಳಿಸಿ ಅಚ್ಚು ಹಾಕಿಸಿದವನೂ ಒಬ್ಬ ಇಂಗ್ಲಿಷ್ ಅಧಿಕಾರಿ, ಫ್ಲೀಟ್.

ಬೀಳಗಿಯಲ್ಲಿ ಅರೆತ್ತಿನ ಬಾವಿ ನೋಡಿದೆವು. ಆಲಮಟ್ಟಿ ಹಿನ್ನೀರು ಬಂದ ಮೇಲೆ ಈ ತಾಲೂಕಿನ ಎಷ್ಟೋ ಹಳ್ಳಿಗಳು ಮುಳುಗಿ, ಜನ ಪುನರ್ವಸತಿ ಕೇಂದ್ರಗಳಿಗೆ ಬಂದಿದ್ದಾರೆ. ಅನಗವಾಡಿ ಸೇತುವೆ ಮೇಲೆ ಬಸ್ಸು ದಾಟುವಾಗ ಎರಡೂ ಕಡೆ ನೀರು. ಹೆಂಡತಿ "ಕೋಸ್ ಬಂತ್ರಿ, ಇಳೀರಿ" ಅಂದಳು. ನಗು ಬಂತು, ಆದರೆ ಕೆಳಗಿರುವುದು ಯಾರದೋ ಹೊಲಮನೆ ಅನ್ನುವುದೂ ನೆನಪಾಯಿತು.

ಕೊನೆಗೆ ನಮ್ಮ ಊರು. ಬನಹಟ್ಟಿಯಿಂದ ರಬಕವಿಗೆ ನಡೆದೇ ಹೋದೆವು. ಗಡಿಕಲ್ಲು ಹುಡುಕಿದೆವು, ಸಿಗಲಿಲ್ಲ. ವಯಸ್ಸಾದವರನ್ನು ಕೇಳಿದರೆ ಒಬ್ಬರು ಹಳ್ಳ ತೋರಿಸಿದರು, ಇನ್ನೊಬ್ಬರು ಹುಣಸೆಮರ ಅಂದರು. ಎರಡೂ ಕಡೆ ಪವರ್‌ಲೂಮಿನ ಅದೇ ಖಟಖಟ. ಕೈಮಗ್ಗದ ಕಾಲದಲ್ಲೂ ಹಾಗೇ ಇತ್ತು: ನೂಲು ಒಂದೇ, ಸೀರೆ ಒಂದೇ, ನೇಕಾರರ ಸಾಲವೂ ಒಂದೇ. ರಾಜರು ಮಾತ್ರ ಬೇರೆ.

ಈಗ ಆ ಕಾಗದದ ವಿಷಯ. ರಬಕವಿಯಲ್ಲಿ ಆಯಿಯ ಅಪ್ಪನಿಗೆ ಇರುವ ಮನೆಯಲ್ಲದೆ ಒಂದು ಮಗ್ಗದ ಮನೆ ಇತ್ತು. "ಅದನ್ನ ನಮ್ಮಪ್ಪ ನನಗ ಬರದ ಕೊಟ್ಟಿದ್ದ, ತಮ್ಮ ಮಾರಕೊಂಡ ತಿಂದ" ಅನ್ನುವುದು ಅವಳ ಕೊನೆಯವರೆಗಿನ ಮಾತು. ಅಪ್ಪ ತೀರಿಕೊಂಡಾಗ ಅವನ ಪೆಟ್ಟಿಗೆಯಿಂದ ಒಂದು ಕಾಗದ ತಂದು ಟ್ರಂಕಿನ ತಳದಲ್ಲಿ ಇಟ್ಟಿದ್ದಳು. ಅದೇ ಸಾಕ್ಷಿ. ಮೋಡಿ ಅಕ್ಷರ, ಓದುವವರು ಯಾರೂ ಇಲ್ಲ. ಅವಳಿಗಂತೂ ಕನ್ನಡವೂ ಬರುತ್ತಿರಲಿಲ್ಲ. ಆ ಒಂದು ಮಾತಿನ ಮೇಲೆ ಎರಡು ಮನೆಯವರು ನಲವತ್ತು ವರ್ಷ ಹೋಗುಬರುವುದು ಬಿಟ್ಟಿದ್ದೆವು. ಮದುವೆ ಇಲ್ಲ, ಮಣ್ಣಿಲ್ಲ. ಆಯಿಯ ಮಣ್ಣಿಗೂ ಅವರು ಬರಲಿಲ್ಲ, ನಾವು ಹೇಳಿ ಕಳಿಸಿರಲೂ ಇಲ್ಲ.

ರೋಡ್ಸ್‌ನಿಂದ ಬಂದ ಮೇಲೆ ನಾನು ಆ ಕಾಗದವನ್ನು ಮಿರಜಿನಲ್ಲಿ ಮೋಡಿ ಬಲ್ಲ ಹಿರಿಯರೊಬ್ಬರಿಗೆ ತೋರಿಸಿದ್ದೆ. ಅವರು ಭೂತಗನ್ನಡಿ ಹಿಡಿದು ನಿಧಾನವಾಗಿ ಓದಿದರು. ಅದು ದಾನಪತ್ರ ಅಲ್ಲ, ಖರೇದಿ ಪತ್ರದ ನಕಲು. ಶಕೆ 1857, ಅಂದರೆ 1935. ಮಗ್ಗದ ಮನೆಯನ್ನು ಆಯಿಯ ಅಪ್ಪನೇ ಸಾಲ ಕೊಟ್ಟವನಿಗೆ ಮಾರಿದ್ದ. ಕಾರಣವನ್ನೂ ಬರೆಸಿದ್ದ: ಮಗಳ ಲಗ್ನದ ಖರ್ಚಿಗಾಗಿ.

ಕಾಗದ ಚೀಲದಲ್ಲೇ ಇತ್ತು. ರಬಕವಿಯಲ್ಲಿ ಆಯಿಯ ತಮ್ಮನ ಮಗನ ಮನೆ ಹುಡುಕಿಕೊಂಡು ಹೋದೆವು. ಎಪ್ಪತ್ತು ದಾಟಿದವರು. ಯಾರು ಅಂತ ಹೇಳಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದು, ಒಳಗೆ ಕರೆದರು. ನಾನು ಕಾಗದ ಬಿಚ್ಚಿ ಅದರಲ್ಲಿ ಏನಿದೆ ಅಂತ ಹೇಳಿದೆ. ಅವರು ಅದನ್ನು ಮುಟ್ಟಲಿಲ್ಲ.

"ನಮಗ ಗೊತ್ತಿತ್ತಪಾ. ನಿನ್ನ ಲಗ್ನಕ್ಕ ಮನಿ ಹೋತು ಅಂತ ಅಕ್ಕನ ಮುಂದ ಹೆಂಗ ಹೇಳೂದು ಅಂತ ನಮ್ಮಪ್ಪ ಬಾಯಿ ಬಿಡಲಿಲ್ಲ."

ಆಮೇಲೆ ಒಳಗೆ ಕೂಗಿ ಹೇಳಿದರು: "ಬನಹಟ್ಟಿ ಅತ್ತಿ ಮೊಮ್ಮಗ ಬಂದಾನ. ರೊಟ್ಟಿ ಬಡೀರಿ."